ಮೂರನೆಯ ಸಲ ಕೇಳುವವರೆಗೆ

ನಮ್ಮ ಮನೆಯಲ್ಲಿ ಯಾರೂ ಮೊದಲನೆಯ ಸಲಕ್ಕೇ ಹೂಂ ಅನ್ನುವುದಿಲ್ಲ. ಅಜ್ಜ ರಾಯಚೂರಿನ ಕಡೆಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಬರುವಾಗ ಒಂದು ಟ್ರಂಕು, ರೊಟ್ಟಿಯ ಹಂಚು ಮತ್ತು ಉಪಚಾರ, ಈ ಮೂರನ್ನೇ ತಂದಿದ್ದರು ಎಂದು ಅಪ್ಪ ತಮಾಷೆ ಮಾಡುತ್ತಾರೆ. ಟ್ರಂಕು ತುಕ್ಕು ಹಿಡಿದು ಹೋಯಿತು. ಉಪಚಾರ ಮಾತ್ರ ಲಿಂಗಂಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಮನೆಗೆ ಬಂದವರನ್ನು ಚಹಾ ಕುಡಿಯುತ್ತೀರಾ ಎಂದು ಕೇಳಿದರೆ ಅವರು "ಬ್ಯಾಡ್ರಿ, ಈಗರ ಕುಡದು ಬಂದೇವಿ" ಅನ್ನಬೇಕು. ಅವ್ವ "ಅದೆಂಗ ಆಗತೈತ್ರಿ, ಅರ್ಧ ಕಪ್ಪರ ತಗೋರಿ" ಅನ್ನಬೇಕು. ಅವರು "ಸುಮ್ನ ಯಾಕ ತ್ರಾಸ ತಗೋತೀರಿ" ಅನ್ನಬೇಕು. ಮೂರನೆಯ ಸಲ ಅವ್ವ ಕೇಳುತ್ತಲೇ ಒಲೆ ಹಚ್ಚಿರುತ್ತಾಳೆ. ಚಹಾ ಬರುತ್ತದೆ, ಅವರು ಪೂರ್ತಿ ಕಪ್ಪು ಕುಡಿಯುತ್ತಾರೆ, ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಆಯಿ, ಅಂದರೆ ಅಪ್ಪನ ತಾಯಿ. ಕರೆದ ಕೂಡಲೇ ಎದ್ದು ಹೊರಡುವವರು ಆಕೆಯ ಲೆಕ್ಕದಲ್ಲಿ ಬರಗೆಟ್ಟವರು. ನಾನು ಸಣ್ಣವಳಿದ್ದಾಗ ಪಕ್ಕದ ಮನೆಯವರು ಲಾಡು ಹಿಡಿದು ಬಂದರೆ ತಟ್ಟನೆ ಕೈ ಚಾಚಿದ್ದೆ. ಅವರೆದುರೇ ಆಯಿ ನನ್ನ ತೊಡೆ ಚಿವುಟಿದಳು. ಅವರು ಹೋದ ಮೇಲೆ ಬುದ್ಧಿ ಹೇಳಿದಳು: "ಮೊದ್ಲ ಒಲ್ಲೆ ಅನಬೇಕವಾ. ಕೊಡೋರಿದ್ರ ಮತ್ತೊಮ್ಮೆ ಕೊಡತಾರ." ಬೇರೆ ಎಷ್ಟೋ ಬುದ್ಧಿಮಾತುಗಳು ಈ ಕಿವಿಯಿಂದ ಆ ಕಿವಿಗೆ ಹಾದುಹೋದವು. ಇದೊಂದು ಮಾತ್ರ ಒಳಗೇ ಉಳಿಯಿತು.

ಅಷ್ಟೇ ಆಗಿದ್ದರೆ ನಮ್ಮ ಕಡೆಯ ಎಲ್ಲ ಮಕ್ಕಳ ಹಾಗೆ ನಾನೂ ಬೆಳೆಯುತ್ತಿದ್ದೆನೇನೋ. ಆದರೆ ನನಗೆ ಮೊದಲಿನಿಂದಲೂ ಜನರೆಂದರೆ ಗಾಬರಿ. ಈಗ ಅದಕ್ಕೊಂದು ಇಂಗ್ಲಿಷ್ ಹೆಸರಿದೆ. ಫೋನಿನ ಮೇಲೆ ಬೆರಳು ಜಾರಿಸಿದರೆ ಸಾಕು, ಯಾರಾದರೊಬ್ಬರು ಅದರ ಲಕ್ಷಣಗಳನ್ನು ನಗುನಗುತ್ತಾ ಹೇಳಿಕೊಡುತ್ತಾರೆ. ಅವ್ವನ ಬಾಯಲ್ಲಿ ಅದು ಬರೀ ನಾಚಿಕೆ. "ಎಲ್ಲಾ ಹುಡುಗ್ರಿಗೂ ಇರತೈತಿ, ಕಾಲೇಜಿಗೆ ಹೋದ್ರ ಹೋಗತೈತಿ" ಅನ್ನುತ್ತಿದ್ದಳು. ಕಾಲೇಜಿಗೆ ಹೋದೆ. ಅದು ಹೋಗಲಿಲ್ಲ.

ಹಾಜರಿ ಕೂಗುವಾಗ ನನ್ನ ಸರದಿ ಬರುವ ಮುಂಚೆಯೇ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ನಕ್ಕರೆ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮಾತಾಡುವವರ ಕಣ್ಣನ್ನೇ ನೋಡಬೇಕೋ, ಆಗಾಗ ಬೇರೆ ಕಡೆ ನೋಡಬೇಕೋ, ನಿಂತಿದ್ದಾಗ ಕೈಗಳನ್ನು ಎಲ್ಲಿಡಬೇಕು, ಒಂದೂ ತಿಳಿಯುತ್ತಿರಲಿಲ್ಲ. ಉಳಿದವರಿಗೆ ಇದನ್ನೆಲ್ಲ ಯಾರು ಕಲಿಸಿದರು? ನಾನು ರಜೆ ಹಾಕಿದ ಯಾವುದೋ ಒಂದು ದಿನ ಶಾಲೆಯಲ್ಲಿ ಆ ಪಾಠ ಆಗಿಹೋಗಿರಬೇಕು ಎಂದು ನನಗೆ ನಿಜವಾಗಿಯೂ ಅನುಮಾನವಿತ್ತು.

ನಮ್ಮ ಕಾಲೇಜು ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳ ಸಾಲಿನ ಹಿಂದೆ ಇತ್ತು. ಬೆಳಿಗ್ಗೆ ಲಿಂಗಂಪಲ್ಲಿಯಲ್ಲಿ ಲೋಕಲ್ ಟ್ರೈನು ಹತ್ತಿ ಬೇಗಂಪೇಟೆಯಲ್ಲಿ ಇಳಿದು, ಅಲ್ಲಿಂದ ಷೇರ್ ಆಟೋ ಹಿಡಿಯುತ್ತಿದ್ದೆ. ಲಿಂಗಂಪಲ್ಲಿಯಿಂದಲೇ ಟ್ರೈನು ಹೊರಡುತ್ತಿದ್ದರಿಂದ ಕಿಟಕಿಯ ಸೀಟು ಸಿಗುತ್ತಿತ್ತು. ಎರಡು ಸ್ಟೇಷನ್ ಆದ ಮೇಲೆ ಹಫೀಜ್‌ಪೇಟೆಯಲ್ಲಿ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಹತ್ತುತ್ತಿದ್ದಳು. ಮೊದಲ ವಾರ ಪಕ್ಕದಲ್ಲಿ ಕೂತಳು, ಎರಡನೆಯ ವಾರವೂ ಕೂತಳು. ಬೇರೆ ಸೀಟು ಖಾಲಿ ಇಲ್ಲದ್ದಕ್ಕೆ ಕೂತಿದ್ದಾಳೆ ಎಂದುಕೊಂಡೆ. ಮೂರನೆಯ ವಾರ ಎದುರಿನ ಸೀಟು ಖಾಲಿಯಿದ್ದರೂ ನನ್ನ ಪಕ್ಕಕ್ಕೇ ಬಂದಳು. ನಾನು ದಿನವಿಡೀ ಅದನ್ನೇ ಯೋಚಿಸಿದೆ.

ಅವಳು ನನ್ನ ಹಾಗಲ್ಲ, ಎಲ್ಲರ ಜೊತೆ ನಗುತ್ತಿದ್ದಳು. ಲೆಕ್ಚರರು ಬೈದರೂ ನಗುತ್ತಿದ್ದಳು. ಅವಳ ಸುತ್ತ ಯಾವಾಗಲೂ ನಾಲ್ಕೈದು ಹುಡುಗಿಯರು ಇರುತ್ತಿದ್ದರು. ಅವಳು ಆಡಿದ್ದೆಲ್ಲ ತೆಲುಗು, ನಾನು ಉತ್ತರ ಕೊಟ್ಟದ್ದೂ ತೆಲುಗಿನಲ್ಲೇ. ಆದರೆ ನೆನಪಿನಲ್ಲಿ ಅವಳು ನಮ್ಮ ಮನೆಯ ಕನ್ನಡವನ್ನೇ ಆಡುತ್ತಾಳೆ. ನಾನೂ ಹಾಗೆಯೇ ಬರೆಯುತ್ತೇನೆ.

ಟ್ರೈನಿನಲ್ಲಿ ನಾವಿಬ್ಬರೇ ಇದ್ದಾಗ ನನಗೆ ಮಾತು ಬರುತ್ತಿತ್ತು. ಆಯಿ ಟಿವಿ ಧಾರಾವಾಹಿಯ ಅತ್ತೆಯಂದಿರಿಗೆ ಶಾಪ ಹಾಕುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ, ಅವಳು ಕಿಟಕಿಯ ಸರಳಿಗೆ ತಲೆ ಆನಿಸಿ ನಗುತ್ತಿದ್ದಳು. ಬೇಗಂಪೇಟೆಯಲ್ಲಿ ಇಳಿದು ಉಳಿದ ಹುಡುಗಿಯರು ಸೇರಿಕೊಂಡರೆ ಮುಗಿಯಿತು, ನನ್ನ ಬಾಯಿಗೆ ಬೀಗ. ಅದೇ ನಾನು, ಅದೇ ಅವಳು, ಹತ್ತು ನಿಮಿಷದ ಹಿಂದಿನ ಅದೇ ನಾಲಿಗೆ. ಸಂಜೆ ಅವರೆಲ್ಲ ಮೂಲೆಯ ಬಂಡಿಯಲ್ಲಿ ಮಿರ್ಚಿ ಬಜ್ಜಿ ತಿನ್ನಲು ಹೊರಟು "ಬರ್ತೀಯಾ?" ಎಂದು ಕೇಳುತ್ತಿದ್ದರು. "ಪರ್ಲೇದು, ನೀವು ಹೋಗಿ" ಅನ್ನುತ್ತಿದ್ದೆ. ಪರ್ಲೇದು ಅಂದರೆ ತೆಲುಗಿನಲ್ಲಿ ಪರವಾಗಿಲ್ಲ, ಇರಲಿ ಬಿಡಿ. ಅವರು "ಸರೇ" ಎಂದು ಹೊರಟುಬಿಡುತ್ತಿದ್ದರು. ಬೆನ್ನುಗಳು ಬಜ್ಜಿಯ ಹೊಗೆಯಲ್ಲಿ ಮರೆಯಾಗುವವರೆಗೆ ನಾನು ನಿಂತೇ ಇರುತ್ತಿದ್ದೆ. ಒಬ್ಬಳಾದರೂ ತಿರುಗಿ ನೋಡಿ ಇನ್ನೊಮ್ಮೆ ಕರೆಯಬಾರದೆ ಎಂದು ಅಳು ಬರುತ್ತಿತ್ತು. ಇನ್ನೊಮ್ಮೆ ಕರೆದರೆ ಹೋಗಬೇಕಾಗುತ್ತದಲ್ಲ ಎಂದು ಹೆದರಿಕೆಯೂ ಆಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಆಗಲೂ ಗೊತ್ತಿರಲಿಲ್ಲ.

ಎರಡನೆಯ ವರ್ಷದ ಮಳೆಗಾಲದಲ್ಲಿ, ಒಂದು ಸೋಮವಾರ, ಅವಳು ಟ್ರೈನು ಹತ್ತಿದಾಗಿನಿಂದ ಮಾತೇ ಆಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಮುಚ್ಚುವುದು ಮಾಡುತ್ತಿದ್ದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಬೇಗಂಪೇಟೆ ಬಂದು, ಎಲ್ಲರೂ ಬಾಗಿಲಿಗೆ ನುಗ್ಗುತ್ತಿದ್ದಾಗ, ನನ್ನ ಕಡೆ ನೋಡದೆಯೇ ಅಂದಳು: "ರವಿವಾರ ನನ್ನ ಬರ್ತ್‌ಡೇ. ಮನಿಗೆ ಬರ್ತೀಯಾ?"

ಕಾಲೇಜು ಸೇರಿದಾಗಿನಿಂದ ಯಾರೂ ನನ್ನನ್ನು ಮನೆಗೆ ಕರೆದಿರಲಿಲ್ಲ. ಸಂತೋಷದಿಂದಲೇ, ನೂರಕ್ಕೆ ನೂರು ಸಂತೋಷದಿಂದಲೇ, "ಪರ್ಲೇದು, ನೀವೆಲ್ಲ ಮಾಡ್ಕೊಳ್ಳಿ" ಅಂದೆ.

"ಸರೇ" ಅಂದಳು. ಟ್ರೈನಿನಿಂದ ಇಳಿದಳು.

ಅದು ಮೊದಲನೆಯ ಸಲ ತಾನೆ, ಇನ್ನೂ ವಾರವಿದೆ ಎಂದುಕೊಂಡೆ. ಅವಳು ಮತ್ತೆ ಕೇಳುತ್ತಾಳೆ, ಆಗಲೂ ಒಂಚೂರು ಹಿಂದೆಮುಂದೆ ನೋಡುತ್ತೇನೆ, ಶನಿವಾರ ಒತ್ತಾಯ ಮಾಡುತ್ತಾಳೆ, ಆಗ ಆಯಿತಪ್ಪ ಎಂದು ಒಪ್ಪುತ್ತೇನೆ. ಈ ಲೆಕ್ಕದ ಮೇಲೆ ಅವಳಿಗೆಂದು ಒಂದು ಜೊತೆ ಝುಮಕಿ ತಂದಿಟ್ಟೆ. ಹಸಿರು ಚೂಡಿದಾರಕ್ಕೆ ಇಸ್ತ್ರಿ ಹಾಕಿದೆ. ಅವರ ಮನೆಯವರ ಎದುರು ಆಡಬೇಕಾದ ಮಾತುಗಳನ್ನು ಬಚ್ಚಲಿನಲ್ಲಿ ಅಭ್ಯಾಸ ಮಾಡಿದೆ. ಮಂಗಳವಾರ ಅವಳು ಕೆಮಿಸ್ಟ್ರಿಯ ಬಗ್ಗೆ ಮಾತಾಡಿದಳು. ಗುರುವಾರ ಮಳೆಯ ಬಗ್ಗೆ ಮಾತಾಡಿದಳು. ಶನಿವಾರ ಬೇರೆ ಡಬ್ಬಿಯಲ್ಲಿ ಹತ್ತಿದಳು.

ಭಾನುವಾರ ಚೂಡಿದಾರ ಹಾಕಿಕೊಂಡೇ ಕೂತಿದ್ದೆ. ಎಲ್ಲಿಗೆ ಹೊರಟೆ ಎಂದು ಅವ್ವ ಕೇಳಿದರೆ ಎಲ್ಲಿಗೂ ಇಲ್ಲ ಅಂದೆ. ಸಂಜೆ ಫೋನಿನ ಸ್ಟೇಟಸ್ಸಿನಲ್ಲಿ ಫೋಟೋ ಬಂತು. ಕೇಕು, ಅದರ ಹಿಂದೆ ಅವಳು, ಅವಳ ಎರಡೂ ಪಕ್ಕದಲ್ಲಿ ಆ ಹುಡುಗಿಯರು. ಬಾಯಿಮಾತಿಗೆ ಕರೆದಿದ್ದಳು ಅಷ್ಟೆ, ನಾನು ಒಲ್ಲೆ ಅಂದದ್ದೇ ಅವಳಿಗೆ ಒಳ್ಳೆಯದಾಯಿತು ಎಂದು ನಿರ್ಧರಿಸಿದೆ. ಝುಮಕಿಯನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತುರುಕಿದೆ. ಫೋನು ಆರಿಸಿಬಿಟ್ಟೆ. ಸೋಮವಾರ ಹೊಟ್ಟೆನೋವು ಎಂದು ಮಲಗಿದೆ. ಅದು ಸುಳ್ಳಲ್ಲ, ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು. ಮಂಗಳವಾರವೂ ನೋಯಿತು. ಟ್ರೈನಿನ ಸಮಯ ಕಳೆದ ಕೂಡಲೇ ಕಡಿಮೆಯಾಗುತ್ತಿತ್ತು. ಅವ್ವ ಜೀರಿಗೆ ಕಷಾಯ ಕುಡಿಸಿದಳು, ಆಯಿ ದೃಷ್ಟಿ ತೆಗೆದಳು. ಅವಳ ಪಕ್ಕದ ಸೀಟು ಕಳೆದುಹೋಯಿತು ಎನ್ನುವುದನ್ನು ಇವರಿಗೆ ಹೇಗೆ ಹೇಳುವುದು? ನನಗೆ ಇದ್ದದ್ದೇ ಒಬ್ಬ ಗೆಳತಿ, ಅದೂ ಟ್ರೈನಿನಲ್ಲಿ ಮಾತ್ರ.

ಆ ವಾರದ ಕೊನೆಯಲ್ಲಿ ಒಂದು ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ತಲೆಗೆ ಎಣ್ಣೆ ಹಚ್ಚಿಕೊಂಡು, ಮಾಸಿದ ನೈಟಿಯಲ್ಲಿ ಹೋಗಿ ಬಾಗಿಲು ತೆಗೆದೆ. ಅವಳು ನಿಂತಿದ್ದಳು. ಪ್ಲಾಟ್‌ಫಾರ್ಮಿನಿಂದ ಕಾಣುವ ನೀಲಿ ನೀರಿನ ಟ್ಯಾಂಕಿನ ಕಟ್ಟಡ ನಮ್ಮದು ಎಂದು ಯಾವಾಗಲೋ ಹೇಳಿದ್ದೆ, ಅಷ್ಟನ್ನೇ ಹಿಡಿದು ಬಂದಿದ್ದಳು. ಒಳಗಿನಿಂದ ಅವ್ವ ಬಂದಿರದಿದ್ದರೆ ಎಷ್ಟು ಹೊತ್ತು ಹಾಗೇ ನಿಂತಿರುತ್ತಿದ್ದೆವೋ.

ಅವ್ವನ ತೆಲುಗು ತರಕಾರಿ ಕೊಳ್ಳುವಷ್ಟು ಚೆನ್ನಾಗಿದೆ. ಆಯಿ ಮಾತ್ರ ಎಲ್ಲರ ಜೊತೆಗೂ ಕನ್ನಡವನ್ನೇ ಆಡುತ್ತಾಳೆ, ತಿಳಿಯದವರ ಜೊತೆ ಸ್ವಲ್ಪ ಜೋರಾಗಿ ಆಡುತ್ತಾಳೆ. ಅಂದು ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದರು. ಅವ್ವ ತಟ್ಟೆ ತಂದಾಗ ನನ್ನ ಗೆಳತಿ, "ಬ್ಯಾಡ ಆಂಟಿ, ಊಟ ಮಾಡಿ ಬಂದೀನಿ" ಅಂದಳು. ಅವ್ವ ಒಂದು ಹೋಳಿಗೆ ಹಾಕಿದಳು. ಅವಳು ನನ್ನ ಮುಖ ನೋಡಿದಳು. "ಬ್ಯಾಡ ಅಂದ್ನಲ್ಲ?" ಎಂದು ಮೆಲ್ಲಗೆ ಕೇಳಿದಳು. ನಾನು ನೆಲ ನೋಡಿದೆ. ಪಾಪ, ತಿಂದಳು. ಕೊನೆಯ ತುತ್ತು ಬಾಯಿಗೆ ಹೋಗುವ ಮೊದಲೇ ಆಯಿ ಇನ್ನೊಂದನ್ನು ಹಿಡಿದು ನಿಂತಿದ್ದಳು.

"ತಿನ್ನವಾ ನಮ್ಮವ್ವಾ, ಗುಬ್ಬಿ ತಿಂದಂಗ ತಿಂದ್ರ ಹೆಂಗ?"

ಗೆಳತಿ ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡಳು. ನಮ್ಮ ಕಡೆಯ ಬೀಗರು ಪಂಕ್ತಿಯಲ್ಲಿ ಮುಚ್ಚಿಕೊಳ್ಳುತ್ತಾರಲ್ಲ, ಥೇಟ್ ಹಾಗೆಯೇ. ಆಯಿಗೆ ಹುರುಪು ಬಂತು. ಬೆರಳುಗಳ ಸಂದಿಯಲ್ಲಿ ಜಾಗ ಹುಡುಕಿ ಹೋಳಿಗೆ ಜಾರಿಸಿ, ಮೇಲೆ ತುಪ್ಪ ಸುರಿದಳು. ಅವಳ ಕೈಯೆಲ್ಲ ತುಪ್ಪವಾಯಿತು. ಅವಳು ನಗತೊಡಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಯಿ, ಅವ್ವ ಇಬ್ಬರೂ ಒಳಗೆ ಹೋದ ಮೇಲೆ ಅವಳು ಪಿಸುದನಿಯಲ್ಲಿ ಕೇಳಿದಳು: "ಇವರು ಯಾವಾಗ ನಿಲ್ಲಸ್ತಾರ?"

"ನೀ ಎದ್ದು ಕೈ ತೊಳಕೊಂಡ ಮ್ಯಾಲ."

"ಮೊದಲ್ನೇ ಸಲ ಬ್ಯಾಡ ಅಂದಿದ್ದು?"

"ಅದು ಲೆಕ್ಕಕ್ಕಿಲ್ಲ. ಮೊದ್ಲ ಎಲ್ಲಾರೂ ಹಂಗ ಅಂತಾರ."

ಅವಳ ನಗು ನಿಂತಿತು. ತುಪ್ಪದ ಬೆರಳುಗಳನ್ನು ಗಾಳಿಯಲ್ಲೇ ಹಿಡಿದುಕೊಂಡು ನನ್ನನ್ನು ನೋಡುತ್ತಾ ಕೂತಳು. "ನನ್ನ ಬರ್ತ್‌ಡೇಕ ನೀ ಬ್ಯಾಡ ಅಂದ್ಯಲ್ಲ," ಅಂದಳು, "ಅದು?"

"ಅದು ಮೊದಲ್ನೇದು" ಅಂದೆ.

ಬಾಯಿಂದ ಮಾತು ಹೊರಬಿದ್ದ ಮೇಲೆಯೇ ನನಗೂ ಅದು ಕೇಳಿಸಿದ್ದು. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವಳ ಕಣ್ಣುಗಳು ತುಂಬಿಕೊಂಡವು. ಆ ಸೋಮವಾರ ಹಫೀಜ್‌ಪೇಟೆಯಿಂದ ಬೇಗಂಪೇಟೆಯವರೆಗೆ ನನ್ನನ್ನು ಕರೆಯುವ ಅದೊಂದು ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದಳಂತೆ. ಉಳಿದವರನ್ನು ಅವಳು ಕರೆದಿರಲೇ ಇಲ್ಲ, ತಾರೀಖು ನೆನಪಿಟ್ಟುಕೊಂಡು ಅವರೇ ಬಂದಿದ್ದರು. ಅವಳು ಬಾಯಿಬಿಟ್ಟು ಕರೆದದ್ದು ನನ್ನೊಬ್ಬಳನ್ನೇ. "ನನಗ ಎರಡನೇ ಸಲ ಕೇಳಾಕ ಆಗಂಗಿಲ್ಲ," ಅಂದಳು. "ಒಂದ್ಸಲ ಕೇಳೂದ್ರಾಗ ಜೀವ ಹೋಗಿರತೈತಿ. ಹೋಟೆಲಿನ್ಯಾಗ ಚಾ ಹೇಳಾಕೂ ನನಗ ಬರಂಗಿಲ್ಲ, ಬ್ಯಾರೆಯವ್ರ ಕಡಿಂದ ಹೇಳಸ್ತೀನಿ. ನಿಮ್ಮನಿ ಗೇಟಿನ ಮಟ ಬಂದು ಒಮ್ಮಿ ತಿರುಗಿ ಸ್ಟೇಷನ್ನಿಗೆ ಹೋಗಿದ್ದೆ."

"ನೀ ಎಲ್ಲಾರ ಜೋಡಿ ನಗತೀಯಲ್ಲ?"

"ನಗದೆ ಏನ್ ಮಾಡ್ಲಿ? ಮಾತಾಡಾಕ ಬರಂಗಿಲ್ಲ ಅಂತ ನಗತೀನಿ."

ಆಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಇವಳೂ ಹೆದರುವವಳೇ ಆಗಿದ್ದರೆ ಇಷ್ಟು ದಿನ ನಾನು ಹೆದರಿದ್ದು ಯಾರಿಗೆ? ಬಜ್ಜಿಯ ಬಂಡಿಯ ಕಡೆ ಹೋಗುವ ಆ ಬೆನ್ನುಗಳಲ್ಲಿ ಇನ್ನೆಷ್ಟು ಹೀಗಿದ್ದವು? ಅದಕ್ಕಿಂತ ಗೊಂದಲದ್ದು ಇನ್ನೊಂದು. ಆಯಿ ಕಲಿಸಿದ ಮರ್ಯಾದೆಗೆ ನಾನು ಒಲ್ಲೆ ಅಂದೆನೋ, ಅಥವಾ ಹೆದರಿ ಒಲ್ಲೆ ಅಂದು ಅದಕ್ಕೆ ಮರ್ಯಾದೆಯ ಸೆರಗು ಹೊದಿಸಿದೆನೋ? ಮೂರು ಸಲ ಒತ್ತಾಯ ಮಾಡಿಸಿಕೊಂಡು ಹೋದರೆ ಒಂದು ಅನುಕೂಲವಿದೆ. ಅಲ್ಲಿ ಹೋಗಿ ನಾನು ಪೆಚ್ಚಾಗಿ ಕೂತರೂ ತಪ್ಪು ನನ್ನದಲ್ಲ, ಕರೆದವರದು. ನಮ್ಮ ಮನೆಯ ಉಪಚಾರ ನನ್ನ ಅಂಜಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು ಅವಳಿಗೆ ಹೇಳಲು ನೋಡಿದೆ. ಶುರು ಮಾಡಿದ ವಾಕ್ಯಕ್ಕೆ ಕೊನೆ ಸಿಗಲಿಲ್ಲ. ಅವಳು ತಲೆಯಾಡಿಸಿದಳು, ಎಷ್ಟು ತಿಳಿಯಿತೋ ಕಾಣೆ.

ಬೀರುವಿನಿಂದ ಝುಮಕಿ ತೆಗೆದು ಕೊಟ್ಟೆ. ಅವಳು "ಬ್ಯಾಡ" ಅಂದಳು, ನನ್ನ ಮುಖ ನೋಡಿದಳು, ಇಬ್ಬರಿಗೂ ನಗು ಬಂತು. ತಕ್ಷಣ ತೆಗೆದುಕೊಂಡಳು.

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಬಗ್ಗಿಸಿದ ತಲೆ ಎತ್ತದೆ ಕೇಳಿದಳು: "ರವಿವಾರ ಅಬಿಡ್ಸಿಗೆ ಹೊಂಟೀನಿ. ಫುಟ್‌ಪಾತಿನ ಮ್ಯಾಲ ಹಳೇ ಪುಸ್ತಕ ಇಟ್ಟಿರತಾರಲ್ಲ, ಅಲ್ಲಿಗೆ. ಬರ್ತೀಯಾ?"

ಇಷ್ಟೆಲ್ಲ ಆದ ಮೇಲೂ, ನನ್ನಾಣೆ, ನನ್ನ ಬಾಯಿಂದ ಬಂದದ್ದು "ಪರ್ಲೇದು." ಅವಳ ಮುಖ ಸಣ್ಣದಾಯಿತು. ಬರುತ್ತೇನೆ ಅನ್ನುವ ಬದಲು ಬಾಗಿಲ ಚಿಲಕ ಹಿಡಿದು ನಿಂತೆ. ಅವಳು ಮೆಟ್ಟಿಲಿನ ಕಡೆ ತಿರುಗಿದಾಗ ಒಳಗಿನಿಂದ ಆಯಿ ಕೂಗಿದಳು. ಹೈದರಾಬಾದಿನಲ್ಲಿ ಐವತ್ತು ವರ್ಷ ಕಳೆದೂ ತನಗೆ ತೆಲುಗು ತಿಳಿಯುವುದಿಲ್ಲ ಅನ್ನುವ ಆಯಿ.

"ಆ ಕೂಸು ಕರ್ಯಾಕತ್ತೈತಿ, ಹೋಗಬಾರದೇನ? ಹೋಗು." ಒಂದು ಗಳಿಗೆ ಬಿಟ್ಟು, "ಹೋಗಂದ್ರ ಹೋಗು!"

ಎರಡನೆಯದು, ಮೂರನೆಯದು ಎರಡನ್ನೂ ಆಯಿಯೇ ಮುಗಿಸಿಬಿಟ್ಟಳು. ನಾನು ಹೂಂ ಅಂದೆ.

ಆ ಭಾನುವಾರ ಟ್ರೈನಿನಲ್ಲಿ ನಾಂಪಲ್ಲಿಯವರೆಗೆ ಹೋಗಿ, ಅಲ್ಲಿಂದ ನಡೆದು ಅಬಿಡ್ಸ್ ತಲುಪಿದೆವು. ಅಂಗಡಿಗಳು ಮುಚ್ಚಿದ್ದವು, ಅವುಗಳ ಶಟರಿನ ಮುಂದೆ ಉದ್ದಕ್ಕೂ ಪುಸ್ತಕಗಳ ಗುಡ್ಡೆ. ಬಗ್ಗಿ ಹುಡುಕುತ್ತಿದ್ದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದು ನಮ್ಮಿಬ್ಬರಿಗೂ ಇಷ್ಟವಾಯಿತು. ಆದರೂ ನಡುನಡುವೆ ನನಗೆ ಅದೇ ಗುಂಗು. ನಾನು ಬಂದದ್ದು ಬರಬೇಕು ಅನ್ನಿಸಿದ್ದಕ್ಕೋ, ಆಯಿ ತಳ್ಳಿದ್ದಕ್ಕೋ? ಅವಳು ನಗುತ್ತಿದ್ದುದು ಖುಷಿಗೋ, ಮಾತು ಸಿಗದೆಯೋ? ಅವಳ ಗುಟ್ಟು ತಿಳಿದ ಮೇಲೆ ಅವಳ ಪ್ರತಿ ನಗುವನ್ನೂ ಅನುಮಾನದಿಂದ ನೋಡುವ ಹಾಗಾಗಿತ್ತು. ಗೆಳೆತನವೆಂದರೆ ಇಷ್ಟು ಕಷ್ಟದ್ದೋ, ನಾವೇ ಕಷ್ಟ ಮಾಡಿಕೊಂಡೆವೋ?

ಕಾಲು ನೋಯತೊಡಗಿದಾಗ ಒಂದು ಇರಾನಿ ಹೋಟೆಲಿಗೆ ಹೋಗಿ ಮೂಲೆಯ ಮೇಜಿನಲ್ಲಿ ಕೂತೆವು. ಸುತ್ತ ಗದ್ದಲ. ಅವಳು "ಚಾ ಕುಡೀತೀಯಾ?" ಎಂದು ಕೇಳಿದಳು.

"ಬ್ಯಾಡ."

ಅವಳು ಗಂಭೀರವಾಗಿ ಒಂದು ಬೆರಳು ಮಡಚಿದಳು. "ಕುಡೀತೀಯಾ?"

"ಬ್ಯಾಡ."

ಎರಡನೆಯ ಬೆರಳು ಮಡಚಿದಳು. ಮೂರನೆಯದನ್ನು ಹಿಡಿದುಕೊಂಡು ನನ್ನ ಕಡೆಗೆ ಬಾಗಿದಳು. "ಈಗ ಖರೇ ಹೇಳು. ಬೇಕೋ ಬ್ಯಾಡೋ?"

ಆ ಪ್ರಶ್ನೆಯನ್ನು ಅದಕ್ಕೂ ಮೊದಲು ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಮೂರನೆಯ ಸಲಕ್ಕೆ ಚಹಾ ತಾನಾಗಿ ಬರುತ್ತದೆ, ಯಾರೂ ಹೀಗೆ ಉತ್ತರಕ್ಕೆ ಕಾದು ಕೂರುವುದಿಲ್ಲ. ನಾನು ಒಳಗೆ ಹುಡುಕಿದೆ. ಬೇಕು ಅನ್ನುವುದೂ ಇತ್ತು, ಬೇಡ ಅನ್ನುವುದೂ ಇತ್ತು, ಯಾವುದು ನನ್ನದು, ಯಾವುದು ಅಭ್ಯಾಸದ್ದು ಎಂದು ಗುರುತು ಹತ್ತಲಿಲ್ಲ.

"ಗೊತ್ತಿಲ್ಲ" ಅಂದೆ.

ಅವಳ ಬೆರಳು ಕೆಳಗಿಳಿಯಿತು. "ನನಗೂ ಗೊತ್ತಿಲ್ಲ" ಅಂದಳು. ನಗಲಿಲ್ಲ. ಆಮೇಲೆ ಉಸಿರು ಎಳೆದುಕೊಂಡು, ಅತ್ತ ಹೋಗುತ್ತಿದ್ದ ಸಪ್ಲೈಯರಿಗೆ "ಒಂದು ಚಾಯ್, ವನ್ ಬೈ ಟೂ" ಅಂದಳು.

ದನಿ ಎಷ್ಟು ಸಣ್ಣದಿತ್ತೆಂದರೆ ಅವನಿಗೆ ಕೇಳಿಸಲಿಲ್ಲ. ಕೈಯಲ್ಲಿ ತಟ್ಟೆಗಳನ್ನು ಹಿಡಿದುಕೊಂಡೇ ಅವನು ತಿರುಗಿ, "ಕ್ಯಾ ಬೋಲೇ?" ಎಂದು ಕೇಳಿದ. ಅವಳ ಕಿವಿ ಕೆಂಪಗಾಯಿತು. ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ನೋಡಿದಳು.

ಎರಡನೆಯ ಸಲ ನಾನು ಹೇಳಿದೆ.